255 ಲೀಟರ್ ಫ್ಯೂಯೆಲ್ ಪಂಪ್ ಹಾಕಿದ ಮೇಲೆ ನಾನು ಪೆಟ್ರೋಲಿನ ಪ್ರೆಶರ್ ಸರಿಮಾಡಿದ್ದು ಹೀಗೆ

ರಾತ್ರಿ ಹೆಡ್‌ಲೈಟ್ ಹಾಕಿದರೆ ನನ್ನ ಹೋಂಡಾ ಸಿಟಿಯ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ಸ್ವಲ್ಪ ಸುಧಾರಿಸುತ್ತಿತ್ತು, ಆರಿಸಿದರೆ ಮತ್ತೆ ಕೆಡುತ್ತಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ದೂಡುವ ಹೊಸ ಫ್ಯೂಯೆಲ್ ಪಂಪ್ ಹಾಕಿ ಎರಡು ವಾರವಾಗಿತ್ತು. ಲೈಟಿಗೂ ಪೆಟ್ರೋಲಿಗೂ ಏನು ಸಂಬಂಧ ಎಂದು ಹುಡುಕುತ್ತ ಹೋದಾಗಲೇ ನಿಜವಾದ ದೋಷ ಕೈಗೆ ಸಿಕ್ಕಿತು.

ಗಾಡಿ 2002ರ ವಿಟೆಕ್ ಮಾದರಿ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಣ್ಣ ಟರ್ಬೊ, ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಬೇರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿಸಿದ್ದೆ. 8 ಪಿಎಸ್‌ಐ ಬೂಸ್ಟಿಗೆ (ಟರ್ಬೊ ಒತ್ತುವ ಗಾಳಿಯ ಒತ್ತಡ; ಪಿಎಸ್‌ಐ ಒತ್ತಡದ ಅಳತೆ) ಕಂಪನಿ ಪಂಪ್ ಸಾಲುವುದಿಲ್ಲವೆಂದು ಗಂಟೆಗೆ 255 ಲೀಟರಿನ ವಾಲ್‌ಬ್ರೊ ಪಂಪನ್ನು ಟ್ಯಾಂಕಿನೊಳಗೆ ಕೂರಿಸಿದೆ. ಬೆಂಗಳೂರಿನ ಬಂಕುಗಳಲ್ಲಿ ಈಗ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲೂ ಒಂದು ಕಾರಣ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನ ಅನುಪಾತ (ತೂಕದಲ್ಲಿ ಒಂದು ಪಾಲು ಇಂಧನಕ್ಕೆ ಬೇಕಾದ ಗಾಳಿ) 14.7 ಆದರೆ ಇದಕ್ಕೆ ಸುಮಾರು 13.5. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು.

ಪಂಪ್ ಹಾಕಿದ ದಿನದಿಂದಲೇ ಸೈಲೆನ್ಸರಿನಲ್ಲಿ ಕಣ್ಣುರಿಯುವಷ್ಟು ಪೆಟ್ರೋಲ್ ವಾಸನೆ, ಪ್ಲಗ್ಗುಗಳ ಮೇಲೆ ಮಸಿ. ಹಳೆಯ ಪಂಪಿನಲ್ಲಿ ಐಡ್ಲಿಂಗಿಗೆ 14.7 ತೋರಿಸುತ್ತಿದ್ದ ವೈಡ್‌ಬ್ಯಾಂಡ್ ಮೀಟರು (ಹೊಗೆಯಲ್ಲಿ ಈ ಅನುಪಾತ ಅಳೆದು ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ ತೋರಿಸುವುದು) ಈಗ 11.8ಕ್ಕೆ ಇಳಿದಿತ್ತು, ಅಂದರೆ ಇಂಧನ ಅತಿಯಾಗಿತ್ತು. ನಾನು ಲ್ಯಾಪ್‌ಟಾಪ್ ತೆಗೆದು ಮ್ಯಾಪಿನಲ್ಲಿ (ಎಷ್ಟು ಇಂಧನ ಚಿಮ್ಮಿಸಬೇಕೆಂದು ಇಸಿಯುಗೆ ಹೇಳುವ ಪಟ್ಟಿ) ಇಂಧನ ಕಡಿಮೆ ಮಾಡುತ್ತ ಎರಡು ಭಾನುವಾರ ಕಳೆದೆ. ಅದು ತಪ್ಪು ಹೆಜ್ಜೆ. ಐಡ್ಲಿಂಗಿಗೆ ಸರಿಮಾಡಿದರೆ ನಡು ಆರ್‌ಪಿಎಮ್ಮಿನಲ್ಲಿ ಕೆಡುತ್ತಿತ್ತು, ಎಸಿ ಹಾಕಿದರೆ ಒಂದು ಅಂಕಿ, ಹೆಡ್‌ಲೈಟ್ ಹಾಕಿದರೆ ಇನ್ನೊಂದು. ರೈಲ್‌ನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಪ್ರೆಶರ್ ಎಷ್ಟಿದೆ ಎಂದು ತಿಳಿಯದೆ ಮ್ಯಾಪ್ ಮುಟ್ಟಬಾರದಿತ್ತು.

ಕೊನೆಗೆ ರೈಲ್‌ಗೆ ಗೇಜ್ ಹಾಕಿದೆ. ಈ ಗಾಡಿಯಲ್ಲಿ ಪ್ರೆಶರ್ ಹತೋಟಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿದಾಗ ಸುಮಾರು 43 ಪಿಎಸ್‌ಐ ಇರಬೇಕು, ಪೈಪ್ ಹಾಕಿ ಐಡ್ಲಿಂಗಿನಲ್ಲಿ ನೋಡಿದರೆ 34ರ ಆಸುಪಾಸು. ಆ ಪೈಪ್ ಸೇರುವ, ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಎಳೆತ ಎಷ್ಟಿದೆಯೋ ಅಷ್ಟು ರೈಲ್ ಪ್ರೆಶರನ್ನು ಇಳಿಸಿ, ಇಂಜೆಕ್ಟರಿನ ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು ಸದಾ 43ರಲ್ಲೇ ಹಿಡಿದಿಡುವುದು ರೆಗ್ಯುಲೇಟರಿನ ಕೆಲಸ. ನನಗೆ ಕಂಡದ್ದು: ಪೈಪ್ ಬಿಚ್ಚಿದರೆ 60, ಹಾಕಿದರೆ 58. ರೆಗ್ಯುಲೇಟರ್ ಪೂರ್ತಿ ಬಾಯಿ ತೆರೆದು ನಿಂತಿತ್ತು, ಅದರ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಇಲ್ಲೊಂದು ಲೆಕ್ಕ. 255 ಲೀಟರ್ ಅಂದರೆ ನಿಮಿಷಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನು ಐದು ನಿಮಿಷದೊಳಗೆ ತುಂಬಿಬಿಡುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ಕುಡಿಯುವುದು ಗಂಟೆಗೆ ಸುಮಾರು ಒಂದು ಲೀಟರ್. ಉಳಿದದ್ದೆಲ್ಲ ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ಮರಳಬೇಕು. ಆ ದಾರಿ ಸಣ್ಣ ಪಂಪಿಗೆಂದು ಮಾಡಿದ್ದು. ಹಿಂದಿರುಗಲು ಜಾಗವಿಲ್ಲದ ಪೆಟ್ರೋಲ್ ರೈಲ್‌ನಲ್ಲಿ ಒತ್ತಿಕೊಳ್ಳುತ್ತದೆ. ಇಂಜೆಕ್ಟರಿನ ಹರಿವು ಪ್ರೆಶರ್ ವ್ಯತ್ಯಾಸದ ವರ್ಗಮೂಲದಂತೆ ಏರುತ್ತದೆ. ನನ್ನಲ್ಲಿ ವ್ಯತ್ಯಾಸ 43ರ ಬದಲು 67 (ಗೇಜಿನ 58ಕ್ಕೆ ಎಳೆತದ 9 ಸೇರಿ) ಇತ್ತು, ಹರಿವು ಕಾಲುಭಾಗ ಹೆಚ್ಚು. 14.7 ಅನ್ನು 1.25ರಿಂದ ಭಾಗಿಸಿ ನೋಡಿ, ಮೀಟರಿನ 11.8 ಅಲ್ಲೇ ಬರುತ್ತದೆ! ಹೆಡ್‌ಲೈಟಿನ ಗುಟ್ಟೂ ಬಿಡಿಸಿಕೊಂಡಿತು: ಲೈಟ್ ಹಾಕಿದಾಗ ವೋಲ್ಟೇಜ್ ಇಳಿದು ಪಂಪ್ ನಿಧಾನವಾಗುತ್ತಿತ್ತು, ಒತ್ತಡವೂ ಇಳಿಯುತ್ತಿತ್ತು. ರೆಗ್ಯುಲೇಟರ್ ಹಿಡಿತದಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಅಡ್ಡಿ ಇರುವುದು ಪೈಪಿನಲ್ಲೋ ರೆಗ್ಯುಲೇಟರಿನಲ್ಲೋ ಎಂದು ತಿಳಿಯಲು ರಿಟರ್ನ್ ಪೈಪನ್ನು ರೆಗ್ಯುಲೇಟರ್ ಬಳಿಯೇ ಬಿಚ್ಚಿ, ದಪ್ಪ ಹೋಸ್ ಹಾಕಿ ಪೆಟ್ರೋಲ್ ಕ್ಯಾನಿಗೆ ಬಿಟ್ಟೆ. ಇದನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಎಂಜಿನ್ ಸ್ಟಾರ್ಟ್ ಮಾಡದೆ ಪಂಪನ್ನಷ್ಟೇ ಓಡಿಸಿ ಮಾಡಬೇಕು, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಇನ್ನೊಬ್ಬರು ಪಕ್ಕದಲ್ಲಿರಬೇಕು. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪ್ರೆಶರ್ ಇಳಿಸಿಕೊಂಡೆ. ಕ್ಯಾನಿಗೆ ಬಿಟ್ಟಾಗ ಗೇಜ್ 49 ತೋರಿಸಿತು. ಅಂದರೆ ದೊಡ್ಡ ಪಾಲು ಪೈಪಿನದು, ಉಳಿದದ್ದು ರೆಗ್ಯುಲೇಟರಿನದು.

ಎರಡನ್ನೂ ಬದಲಾಯಿಸಿದೆ. ರಿಟರ್ನನ್ನು ಉದ್ದಕ್ಕೂ 8 ಎಂಎಂ ಮಾಡಿಸಿದೆ. ಟ್ಯಾಂಕಿನೊಳಗೆ ಪಂಪ್ ತೂಗುವ ಬ್ರಾಕೆಟ್ಟಿನಲ್ಲಿ ರಿಟರ್ನಿನ ಬಾಯಿ ಕಿರಿದಾಗಿತ್ತು. ಬ್ರಾಕೆಟ್ ಹೊರತೆಗೆದು, ಪೆಟ್ರೋಲಿನ ಪಸೆ ಉಳಿಯದಂತೆ ತೊಳೆದು ಒಣಗಿಸಿ, ಲೇತ್ ಅಂಗಡಿಯಲ್ಲಿ ದಪ್ಪ ನಳಿಕೆ ಬ್ರೇಜ್ (ಲೋಹ ಕರಗಿಸಿ ಬೆಸುಗೆ) ಮಾಡಿಸಿದೆ. ಟ್ಯಾಂಕಿನ ಮೇಲೆಯೇ ಬೆಂಕಿಯ ಕೆಲಸ ಮಾಡಿಸಲು ಎಂದಿಗೂ ಹೋಗಬೇಡಿ. ಟ್ಯಾಂಕಿನೊಳಗಿನ ಹೋಸ್ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ ಆರ್10 ದರ್ಜೆಯದಾಗಿರಬೇಕು. ಮಾಮೂಲಿ ಹೋಸ್ ಹೊರಗಿನಿಂದಲೂ ಪೆಟ್ರೋಲ್ ಹೀರಿ ಮೆತ್ತಗಾಗುತ್ತದೆ. ನಂತರ ಸ್ಕ್ರೂ ತಿರುಗಿಸಿ ಹೊಂದಿಸುವ ರೆಗ್ಯುಲೇಟರ್ ಕೂರಿಸಿ, ಎಂಜಿನ್ ಓಡುತ್ತಿರುವಾಗಲೇ ವ್ಯಾಕ್ಯೂಮ್ ಪೈಪ್ ಬಿಚ್ಚಿ ಅದರ ಬಾಯಿ ಮುಚ್ಚಿ 43ಕ್ಕೆ ಹೊಂದಿಸಿದೆ. ಎಂಜಿನ್ ನಿಂತಾಗ ಹೊಂದಿಸಿದರೆ ಬ್ಯಾಟರಿ ವೋಲ್ಟೇಜ್ ಕಡಿಮೆ, ಆ ಅಂಕಿಯನ್ನು ಪೂರ್ತಿ ನಂಬಲಾಗದು. ಪೈಪ್ ಹಾಕಿದೊಡನೆ ಮುಳ್ಳು 34ಕ್ಕೆ ಇಳಿಯಿತು. ಹಳೆಯ ಮ್ಯಾಪ್ ಮತ್ತೆ ಹಾಕಿದೆ, ಐಡ್ಲಿಂಗ್ ತಾನಾಗಿ ಸರಿಹೋಯಿತು.

ಆದರೆ ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಡೈನೊ ಮೇಲೆ ಇನ್ನೊಂದು ಸಮಸ್ಯೆ. 8 ಪಿಎಸ್‌ಐ ಬೂಸ್ಟಿನಲ್ಲಿ ರೈಲ್ 51 (43ಕ್ಕೆ 8 ಸೇರಿ) ತಲುಪಬೇಕು, 46ಕ್ಕೇ ನಿಂತಿತು. ತಕ್ಷಣ ಓಟ ನಿಲ್ಲಿಸಿದೆ, ಬೂಸ್ಟಿನಲ್ಲಿ ಇಂಧನ ಕಮ್ಮಿಯಾದರೆ ಪಿಸ್ಟನ್ ಉಳಿಯುವುದಿಲ್ಲ. ವೈರಿಂಗ್ ಮೇಲೆ ನನಗೆ ಅನುಮಾನ. ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಮೊದಲು ಒಪ್ಪಲಿಲ್ಲ. "ಕಂಪನಿ ವೈರಲ್ಲೇ ಓಡ್ತಾ ಇದೆಯಲ್ಲ ಸಾರ್, ಯಾಕ್ ಬಿಚ್ಚೋದು?" ಅಂದ. "ಒಂದ್ಸಲ ಪಂಪಿನ ಹತ್ರ ಮೀಟರ್ ಹಿಡಿದು ನೋಡಣ್ಣ" ಅಂದೆ. ಬ್ಯಾಟರಿಯಲ್ಲಿ 13.9, ಪಂಪಿನಲ್ಲಿ 11.3. "ಎರಡೂವರೆ ವೋಲ್ಟ್ ದಾರೀಲೇ ಹೋಗ್ತಿದೆ ಸಾರ್" ಎಂದು ಅವನೇ ದಪ್ಪ ವೈರ್ ಎಳೆದು, ರಿಲೇ, ಫ್ಯೂಸ್, ಹೊಸ ಅರ್ತಿಂಗ್ ಮಾಡಿಕೊಟ್ಟ. ಈಗ ಪಂಪಿಗೆ 13.5 ಸಿಗುತ್ತದೆ. ಪಂಪ್ ಚುರುಕಾದ್ದರಿಂದ ಮೂಲ ಪ್ರೆಶರ್ ಒಂದು ಪಿಎಸ್‌ಐ ಏರಿತ್ತು, ಮತ್ತೆ 43ಕ್ಕೆ ತಂದೆ. ಮರುದಿನದ ಡೈನೊದಲ್ಲಿ 51 ಅಲುಗದೆ ನಿಂತಿತು.

ಗೇಜಿನ ಬಗ್ಗೆಯೂ ಹೇಳಲೇಬೇಕು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು ಬಂದ ಒಂದು ಮಧ್ಯಾಹ್ನ, ಪೈಪ್ ಬಿಚ್ಚಿ ನೋಡಿದರೆ ಅದು 39 ತೋರಿಸುತ್ತಿತ್ತು. ಸ್ಕ್ರೂ ತಿರುಗಿಸಿ 43 ಮಾಡಿದೆ, ಬೆಳಿಗ್ಗೆ ತಣ್ಣಗಿದ್ದಾಗ 47! ಗ್ಲಿಸರಿನ್ ತುಂಬಿದ ಗೇಜ್ ಎಂಜಿನ್ ಬಿಸಿಗೆ ಕಾದಾಗ ಮುಚ್ಚಿದ ಡಬ್ಬಿಯೊಳಗೆ ಒತ್ತಡ ಬೆಳೆದು ಮುಳ್ಳು ಕಡಿಮೆ ತೋರಿಸುತ್ತದೆ. ಅದನ್ನು ತೆಗೆದು ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿ ಡ್ಯಾಶ್‌ಬೋರ್ಡಿಗೆ ಎಳೆದಿದ್ದೇನೆ.

ಈಗ ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ರೈಲ್ ಸುತ್ತಿ ಮರಳುವ ಪೆಟ್ರೋಲ್ ಬಿಸಿಯಾಗಿಯೇ ಬರುತ್ತದೆ, ಟ್ಯಾಂಕಿನಲ್ಲಿ ಕಡಿಮೆ ಇದ್ದಷ್ಟೂ ಬೇಗ ಕಾಯುತ್ತದೆ, ಪಂಪನ್ನು ತಣಿಸುವುದೂ ಅದೇ ಪೆಟ್ರೋಲ್. ಪ್ರತಿ ಆಯಿಲ್ ಬದಲಾವಣೆಗೆ ವ್ಯಾಕ್ಯೂಮ್ ಪೈಪ್ ಬಿಚ್ಚಿ ಅಂಕಿ ನೋಡಿ, ಕ್ಲಿಪ್ಪುಗಳ ಸುತ್ತ ಬೆರಳಾಡಿಸಿ ಪಸೆ ಇದೆಯೇ ಎಂದು ಪರೀಕ್ಷಿಸಿ, ಆಮೇಲಷ್ಟೇ ಬಾನೆಟ್ ಮುಚ್ಚುತ್ತೇನೆ.