ದೇಣಿಗೆ ಕೇಳೋದು ಬಿಟ್ಟು ಬಿಲ್ ಕಳಿಸೋಕೆ ಶುರು ಮಾಡಿದೆ

ನಾನು ನೋಡ್ಕೊಳ್ತಿರೋದು ಒಂದು ಚಿಕ್ಕ ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಮುಗಳು ತಮ್ಮೊಳಗೆ ಸೇರಿಸ್ಕೊಂಡು ಬಳಸೋ ಕೋಡು, ಡೇಟಾಬೇಸಲ್ಲಿರೋ ಲೆಕ್ಕಾನ ಪಿಡಿಎಫ್ ರಿಪೋರ್ಟ್ ಮಾಡಿ ಕೊಡುತ್ತೆ ಅಷ್ಟೇ, ಜಿಪಿಎಲ್ ಲೈಸೆನ್ಸು, ಅಂದ್ರೆ ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಆದ್ರೆ ಬೇರೆಯವರಿಗೆ ಹಂಚಿದ್ರೆ ಮೂಲ ಕೋಡನ್ನೂ ಅದೇ ಷರತ್ತಲ್ಲಿ ಕೊಡಬೇಕು. ಮೊದಲೆರಡು ವರ್ಷ ಹಗಲು ನೌಕರಿ, ರಾತ್ರಿ ಇದು. ಬಳಸೋರು ಹೆಚ್ಚಾದಂಗೆ ಬಗ್ ರಿಪೋರ್ಟೂ ಹೆಚ್ಚಾಯ್ತು, ಎಲ್ಲರೂ ಮಾಡೋ ಹಾಗೆ ನಾನೂ ಡೊನೇಟ್ ಬಟನ್ ಹಾಕ್ದೆ. ಬಂದಿದ್ದು ಡೊಮೈನ್ ರಿನ್ಯೂ ಮಾಡೋಕೆ ಸರಿಹೋಯ್ತು. ಕೊಟ್ಟೋರೆಲ್ಲ ನನ್ನಂಥ ಪ್ರೋಗ್ರಾಮರ್‌ಗಳೇ, ಸ್ವಂತ ಜೇಬಿಂದ. ದಿನಾ ಸಾವಿರಾರು ರಿಪೋರ್ಟ್ ತೆಗೀತಿದ್ದ ಕಂಪನಿಗಳಿಂದ ಬಿಡಿಗಾಸಿಲ್ಲ.

ಸಿಟ್ಟು ಬಂದಿದ್ದು ನಿಜ. ಆದ್ರೆ 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ಭದ್ರತಾ ದೋಷದ ಗಲಾಟೆ ಆದಾಗ ಗೊತ್ತಾಗಿತ್ತಲ್ಲ, ಆ ದೋಷ ಇದ್ದ, ವೆಬ್‌ಸೈಟ್‌ಗಳ ಸಂಪರ್ಕ ಗುಪ್ತವಾಗಿಡೋ ಓಪನ್‌ಎಸ್‌ಎಸ್‌ಎಲ್‌ಗೇ ವರ್ಷಕ್ಕೆ ಬರ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಅಂತ. ಅಂಥದ್ದಕ್ಕೇ ಅಷ್ಟು ಅಂದ್ಮೇಲೆ ನನ್ನ ಪಿಡಿಎಫ್ ಯಾವ ಲೆಕ್ಕ.

ಕಣ್ಣು ತೆರೆಸಿದ್ದು ಒಂದು ಮೇಲ್. ಯಾವುದೋ ಕಂಪನಿಯ ಮ್ಯಾನೇಜರು, "ಸರ್, ದುಡ್ಡು ಕೊಡೋಕೆ ನಮಗೇನೂ ತೊಂದ್ರೆ ಇಲ್ಲ, ಆದ್ರೆ ದೇಣಿಗೆ ಅಂತ ತೋರಿಸೋಕೆ ನಮ್ಮ ಅಕೌಂಟ್ಸಲ್ಲಿ ಹೆಡ್ಡೇ ಇಲ್ಲ, ವಾರ್ಷಿಕ ಸಪೋರ್ಟ್ ಅಂತ ಒಂದು ಇನ್‌ವಾಯ್ಸ್ ಕಳಿಸಿಬಿಡಿ" ಅಂದ್ರು. ಅಷ್ಟೇನಾ ಅನ್ನಿಸ್ತು! ಫ್ರೀ ಸಾಫ್ಟ್‌ವೇರ್‌ಗೆ ದುಡ್ಡು ಕೇಳೋದು ಹೇಗಪ್ಪಾ ಅಂತ ಸಂಕೋಚ ಬೇರೆ ಇತ್ತು ನನಗೆ, ಆದ್ರೆ ಫ್ರೀ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ನೇ 1985ರಲ್ಲಿ ತಮ್ಮ ಈಮ್ಯಾಕ್ಸ್ ಎಡಿಟರಿನ ಟೇಪನ್ನ 150 ಡಾಲರ್‌ಗೆ ಮಾರಿದ್ದವರು, ಮಾರಬಾರದು ಅಂತ ಜಿಪಿಎಲ್ ಎಲ್ಲೂ ಹೇಳಲ್ಲ. ಸಿಗ್ನಸ್ ಅನ್ನೋ ಕಂಪನಿ 1989ರಲ್ಲೇ ಶುರುವಾಗಿ ಸ್ಟಾಲ್‌ಮನ್ ಶುರು ಮಾಡಿದ ಗ್ನೂ ಪ್ರಾಜೆಕ್ಟಿನ ಟೂಲ್‌ಗಳಿಗೆ ಸಪೋರ್ಟ್ ಕೊಟ್ಟೇ ಬೆಳೀತು. ನಾನು ಹೊಸದೇನೂ ಕಂಡುಹಿಡೀಬೇಕಿರಲಿಲ್ಲ.

ಆದ್ರೂ ಎಡವಿದೆ. ಮೊದಲ ಕರಾರಲ್ಲಿ ಎಷ್ಟು ಗಂಟೆ ಅಂತ ಬರೀಲೇ ಇಲ್ಲ. ಅವರ ಹೊಸ ಹುಡುಗ್ರಿಗೆ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಕಲಿಸೋದೂ ನನ್ನ ತಲೆಗೇ ಬಂತು, ಆ ವರ್ಷ ಲೈಬ್ರರಿಗೆ ಒಂದು ಹೊಸ ರಿಲೀಸ್ ಕೂಡ ಮಾಡೋಕಾಗ್ಲಿಲ್ಲ. ಈಗ ತಿಂಗಳಿಗೆ ಇಷ್ಟು ಗಂಟೆ, ಎರಡು ದಿನದೊಳಗೆ ಉತ್ತರ ಕೊಡ್ತೀನಿ, ಅದರಾಚೆಗೆ ಬೇರೆ ಬಿಲ್ ಅಂತ ಸ್ಪಷ್ಟವಾಗಿ ಬರೀತೀನಿ. ಹೊಸ ಫೀಚರ್ ಬೇಕು ಅನ್ನೋರಿಗೂ ಮಾಡಿಕೊಡ್ತೀನಿ, ಷರತ್ತು ಒಂದೇ, ಕೋಡು ಮೇನ್ ಬ್ರ್ಯಾಂಚಿಗೇ, ಅಂದ್ರೆ ಎಲ್ಲರಿಗೂ ಸಿಗೋ ಮೂಲ ಆವೃತ್ತಿಗೇ ಹೋಗ್ಬೇಕು. "ನಾವು ದುಡ್ಡು ಕೊಟ್ಟಿದ್ದು ಎಲ್ಲರಿಗೂ ಯಾಕೆ" ಅಂತ ಕೇಳೇ ಕೇಳ್ತಾರೆ, ಆಗ ನಾನು ಹೇಳೋದು, ನಿಮ್ಮ ಹತ್ರಾನೇ ಇಟ್ಕೊಂಡ್ರೆ ಲೈಬ್ರರಿಯ ಪ್ರತಿ ಹೊಸ ಆವೃತ್ತಿಗೂ ಆ ಪ್ಯಾಚ್, ಅಂದ್ರೆ ಸೇರಿಸಿದ ಕೋಡಿನ ತುಣುಕು, ಮತ್ತೆ ಕೂರಿಸೋಕೆ ನನಗೇ ದುಡ್ಡು ಕೊಡ್ತೀರಿ ನೋಡಿ. ಒಪ್ಕೋತಾರೆ.

ಡ್ಯುಯಲ್ ಲೈಸೆನ್ಸ್, ಅಂದ್ರೆ ಒಂದೇ ಕೋಡನ್ನ ಎರಡು ಲೈಸೆನ್ಸಲ್ಲಿ ಕೊಡೋದು, ಅದರ ಕಥೆ ಬೇರೆ. ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್, ಆ್ಯಪ್ ಕಟ್ಟೋಕೆ ಬಳಸೋ ಕ್ಯೂಟಿ ಎಲ್ಲ ಹಾಗೇ ದುಡ್ಡು ಮಾಡಿದ್ವು, ಮೂಲ ಕೋಡ್ ಕೊಡದೇ ತಮ್ಮ ಪ್ರಾಡಕ್ಟ್ ಜೊತೆ ಹಂಚೋರಿಗೆ ಕಮರ್ಷಿಯಲ್ ಲೈಸೆನ್ಸ್, ಉಳಿದೋರಿಗೆ ಜಿಪಿಎಲ್. ಒಂದು ಕಂಪನಿ ಕೇಳ್ತು, ನಾನೂ ಖುಷಿಯಾಗಿ ಹೂಂ ಅಂದೆ, ಆಮೇಲೆ ನೋಡಿದ್ರೆ ಕೋಡಲ್ಲಿ ಹನ್ನೊಂದು ಜನರ ಪ್ಯಾಚ್ ಇದೆ, ಕಾಪಿರೈಟ್ ಅವರವರದ್ದು, ಅವರು ಒಪ್ಪದೇ ನಾನು ಬೇರೆ ಲೈಸೆನ್ಸಲ್ಲಿ ಕೊಡೋ ಹಾಗೇ ಇಲ್ಲ. ಒಂಬತ್ತು ಜನ ಒಪ್ಪಿದ್ರು. ಒಬ್ಬರ ಮೇಲ್ ಐಡಿನೇ ಸತ್ತುಹೋಗಿತ್ತು, ಇನ್ನೊಬ್ಬರು "ಕ್ಲೋಸ್ಡ್ ಪ್ರಾಡಕ್ಟಿಗೆ ಹೋಗ್ಲಿ ಅಂತ ನಾನು ಬರೆದಿದ್ದಲ್ಲ" ಅಂದ್ರು, ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ಅವರಿಬ್ಬರ ಭಾಗ ಕಿತ್ತು, ಹಳೇದನ್ನ ನೋಡದೇ ಹೊಸದಾಗಿ ಬರೆಯೋಕೆ ಆರು ವಾರ ಹೋಯ್ತು. ಇವತ್ತೇ ಪ್ರಾಜೆಕ್ಟ್ ಶುರು ಮಾಡೋರಿದ್ರೆ ಮೊದಲ ಪ್ಯಾಚ್ ತಗೊಳ್ಳೋಕೆ ಮುಂಚೆನೇ ಕಾಂಟ್ರಿಬ್ಯೂಟರ್ ಅಗ್ರಿಮೆಂಟ್, ಅಂದ್ರೆ ತಮ್ಮ ಕೋಡನ್ನ ನೀವು ಬೇರೆ ಲೈಸೆನ್ಸಲ್ಲೂ ಕೊಡಬಹುದು ಅನ್ನೋ ಅವರ ಒಪ್ಪಿಗೆ ಪತ್ರ, ಬೇಕಾ ಬೇಡ್ವಾ ತೀರ್ಮಾನ ಮಾಡ್ಕೊಳ್ಳಿ.

ಲೈಸೆನ್ಸನ್ನೇ ಬಿಗಿ ಮಾಡು ಅಂತ ಸ್ನೇಹಿತರು ಹೇಳ್ತಾರೆ. ಇಲಾಸ್ಟಿಕ್‌ಸರ್ಚ್ ಅನ್ನೋ ಹುಡುಕಾಟದ ಸಾಫ್ಟ್‌ವೇರ್ ಮಾಡೋ ಇಲಾಸ್ಟಿಕ್ ಕಂಪನಿ 2021ರಲ್ಲಿ ಹಾಗೆ ಮಾಡ್ತು, ಅಮೆಜಾನ್ ಅದರ ಹಳೇ ಮುಕ್ತ ಕೋಡನ್ನ ನಕಲು ಮಾಡಿ ಬೇರೆಯಾಗಿ ಬೆಳೆಸಿ (ಫೋರ್ಕ್ ಮಾಡಿ) ಓಪನ್‌ಸರ್ಚ್ ತಂತು, 2024ರಲ್ಲಿ ಇಲಾಸ್ಟಿಕ್ ಮತ್ತೆ ಜಿಪಿಎಲ್ ಥರದ್ದೇ ಮುಕ್ತ ಲೈಸೆನ್ಸ್ ಆದ ಎಜಿಪಿಎಲ್ ಸೇರಿಸ್ತು. ನನಗಂತೂ ಆ ಸರ್ಕಸ್ ಬೇಡ.

ಈಗ ನೌಕರಿ ಬಿಟ್ಟಿದೀನಿ, ನಾಲ್ಕು ಸಪೋರ್ಟ್ ಕರಾರು, ಎರಡು ಕಮರ್ಷಿಯಲ್ ಲೈಸೆನ್ಸು. ತೊಂದ್ರೆ ಏನಂದ್ರೆ ಆದಾಯದ ಅರ್ಧ ಒಂದೇ ಕಂಪನಿಯಿಂದ ಬರ್ತಿದೆ, ಅವರ ಕರಾರು ಮುಂದಿನ ತಿಂಗಳು ಮುಗಿಯುತ್ತೆ, ಆ ಮ್ಯಾನೇಜರ್ ಬೇರೆ ಕೆಲಸ ಬದಲಾಯಿಸಿದಾರಂತೆ. ಇನ್ನೆರಡು ಗಿರಾಕಿ ಹುಡುಕ್ತಿದೀನಿ.