ಡಾಕ್ಟರಿಗೆ ಫೋನಿನಲ್ಲಿ ತೋರಿಸುವುದು ಹೇಗೆ?

ಹೋದ ತಿಂಗಳು ಅಜ್ಜಿಯೊಬ್ಬರು ನಮ್ಮ ಮೆಡಿಕಲ್ ಶಾಪಿಗೆ ಬಂದು ಕೌಂಟರಿನ ಮೇಲೆ ಮೊಬೈಲ್ ಇಟ್ಟರು. ಅದರಲ್ಲಿ ಒಂದು ಫೋಟೊ. ಅಂಗೈ, ಅಂಗೈ ಮೇಲೆ ಒಂದು ಬಿಳಿ ಮಾತ್ರೆ. ಅಷ್ಟೇ. "ಮೊಮ್ಮಗ ಡಾಕ್ಟ್ರಿಗೂ ಇದನ್ನೇ ಕಳ್ಸಿದಾನೆ ತಮ್ಮಾ. ಯಾವ ಮಾತ್ರೆ ಅಂತ ಅವ್ರು ನಮ್ಮನ್ನೇ ಕೇಳ್ತಾರೆ" ಎಂದು ಬೇಜಾರು ಮಾಡಿಕೊಂಡರು. ನನ್ನ ಕಪಾಟಿನಲ್ಲಿ ಬಿಳಿ ದುಂಡು ಮಾತ್ರೆ ಎಷ್ಟು ಥರದ್ದಿವೆ ಎಂದು ನಾನೇ ಎಣಿಸಿಲ್ಲ.

ಇಂಥದ್ದು ವಾರಕ್ಕೆ ನಾಲ್ಕಾದರೂ ಬರುತ್ತವೆ. ಫೋನಿನಲ್ಲಿ ಡಾಕ್ಟರಿಗೆ ನಾಡಿ ಸಿಗುವುದಿಲ್ಲ, ಹೊಟ್ಟೆ ಒತ್ತಿ ನೋಡಲು ಆಗುವುದಿಲ್ಲ. ನೀವು ಏನು ಕಳಿಸುತ್ತೀರೋ ಅಷ್ಟೇ ಅವರಿಗೆ ಕಾಣುವುದು. ಕಾಲ್ ಶುರುವಾಗುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು, ಇಲ್ಲಾ ಕೆಟ್ಟಿರುತ್ತದೆ.

ಹಂತ 1: ಇದು ಫೋನಿನ ಕೆಲಸವೇ ನೋಡಿ

ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಹಾವು ಕಚ್ಚಿದ್ದು, ನಿಲ್ಲದ ರಕ್ತ. ಇವಕ್ಕೆ ವಾಟ್ಸಾಪ್ ತೆರೆಯಬೇಡಿ, 108 ಒತ್ತಿ. "ಮಂಗಳೂರಿನಲ್ಲಿ ವಾಟ್ಸಾಪಿನಲ್ಲೇ ಹಾರ್ಟ್ ನೋಡ್ತಾರಂತಲ್ಲ?" ಎಂದು ಕೆಲವರು ಕೇಳುತ್ತಾರೆ. ನಿಜ, ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಕಡೆಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ತಲುಪಿಸಿ, ಅಲ್ಲಿಂದ ವಾಟ್ಸಾಪ್ ಗುಂಪಿಗೆ ಬರುವ ಇಸಿಜಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದಾರೆ. ಆದರೆ ಅಲ್ಲಿ ಹಳ್ಳಿಯ ತುದಿಯಲ್ಲೂ ಡಾಕ್ಟರು ಇರುತ್ತಾರೆ, ಯಂತ್ರ ಇರುತ್ತದೆ. ನಿಮ್ಮ ಮನೆಯಲ್ಲಿ ಇರುವುದು ಫೋನು ಮಾತ್ರ.

ಹಂತ 2: ಯಾರಿಗೆ ತೋರಿಸುವುದು

ನಿಮ್ಮನ್ನು ಒಮ್ಮೆಯಾದರೂ ಎದುರಿಗೆ ನೋಡಿದ ಡಾಕ್ಟರೇ ಮೊದಲು. ಇದರಲ್ಲಿ ನನ್ನದು ಹಟ ಎಂದೇ ಇಟ್ಟುಕೊಳ್ಳಿ. ಅಂಥವರು ಇಲ್ಲದಿದ್ದರೆ ಸರ್ಕಾರದ ಇ-ಸಂಜೀವಿನಿ ಇದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಮನೆಯಲ್ಲೇ ಕೂತು ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡುವ ಸೌಲಭ್ಯ ಅದರಲ್ಲಿ ಶುರುವಾಯಿತು. ಉಚಿತ. ಸ್ವಂತ ಫೋನಿನಲ್ಲಿ ಒದ್ದಾಡಲು ಆಗದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ, ಅಲ್ಲಿಯ ಸಿಬ್ಬಂದಿ ಜೋಡಿಸಿಕೊಡುತ್ತಾರೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್, ನಂಬರ್ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

ಹಾಗೇ ಒಂದು ಮಾತು. 14 ಅಂಕಿಯ ಆಭಾ ನಂಬರ್ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಎಂದರೆ ನಿಮ್ಮ ದಾಖಲೆ ಒಟ್ಟಿಗೆ ಇಡುವ ಗುರುತು ಅಷ್ಟೇ, ಅದರಿಂದ ಆಪರೇಷನ್ ದುಡ್ಡು ಬರುವುದಿಲ್ಲ. ಮಾಡಿಸಿಕೊಂಡರೆ ಲಾಭ ಇದೆ. ಕ್ಯೂಆರ್ ಹಾಕಿರುವ ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಮಾಡಿ ಟೋಕನ್ ಪಡೆದರೆ ಚೀಟಿ ಮಾಡಿಸುವ ಕ್ಯೂ ತಪ್ಪುತ್ತದೆ.

ಹಂತ 3: ಫೋಟೊ ತೆಗೆಯುವುದು

ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಲ್ಯಾಬ್ ರಿಪೋರ್ಟನ್ನು ಹಾಸಿಗೆ ಮೇಲೆ ಹರಡಿ, ಮೇಲೆ ಬಗ್ಗಿ, ನಿಮ್ಮದೇ ನೆರಳು ಅದರ ಮೇಲೆ ಬೀಳುವ ಹಾಗೆ ಫೋಟೊ ತೆಗೆಯಬೇಡಿ. ಕಿಟಕಿ ಹತ್ತಿರ ಮೇಜಿನ ಮೇಲಿಡಿ, ಹಗಲಿನ ಬೆಳಕು ಸಾಕು, ಫ್ಲಾಷ್ ಆಫ್. ನಾಲ್ಕೂ ಮೂಲೆ ಕಾಣಬೇಕು. ಎಷ್ಟೋ ಜನ ಕೆಂಪು ಗೆರೆ ಎಳೆದ ಒಂದೇ ಸಾಲನ್ನು ಕತ್ತರಿಸಿ ಕಳಿಸುತ್ತಾರೆ. ಅದರಲ್ಲಿ ಹೆಸರಿಲ್ಲ, ತಾರೀಕಿಲ್ಲ, ಪಕ್ಕದ ನಾರ್ಮಲ್ ಎಷ್ಟು ಎನ್ನುವ ಕಾಲಂ ಇಲ್ಲ. ಅಪ್ಪನದೋ ಅಮ್ಮನದೋ, ಈ ವರ್ಷದ್ದೋ ಹೋದ ವರ್ಷದ್ದೋ, ಯಾರಿಗೆ ಗೊತ್ತು? ಲ್ಯಾಬಿನವರು ಪಿಡಿಎಫ್ ಕಳಿಸಿದ್ದರೆ ಫೋಟೊನೇ ಬೇಡ, ಅದನ್ನೇ ಮುಂದೆ ಕಳಿಸಿ. ಪಿಡಿಎಫ್ ಇದ್ದೂ ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸುವವರಿದ್ದಾರೆ, ಯಾಕೋ.

ಎಕ್ಸ್-ರೇ ಫಿಲಂ ಇನ್ನೊಂದು ಕಥೆ. ಟ್ಯೂಬ್‌ಲೈಟಿಗೆ ಹಿಡಿದು ತೆಗೆದರೆ ಶ್ವಾಸಕೋಶದ ನಡುವೆ ಟ್ಯೂಬ್‌ಲೈಟೇ ಬರುತ್ತದೆ. ಲ್ಯಾಪ್‌ಟಾಪ್ ಇದ್ದರೆ ಖಾಲಿ ಬಿಳಿ ಪುಟ ತೆರೆದು, ಬೆಳಕು ಪೂರ್ತಿ ಏರಿಸಿ, ಅದರ ಮೇಲೆ ಫಿಲಂ ಹಿಡಿಯಿರಿ. ಇಲ್ಲದಿದ್ದರೆ ಹಗಲು ಕಿಟಕಿ ಗಾಜಿಗೆ ಬಿಳಿ ಹಾಳೆ ಅಂಟಿಸಿ ಅದರ ಮುಂದೆ. ಫಿಲಂ ಮೇಲಿರುವ ಅಕ್ಷರ ಉಲ್ಟಾ ಓದಿಸಿಕೊಂಡರೆ ಫಿಲಂ ಉಲ್ಟಾ ಇದೆ ಎಂದರ್ಥ, ತಿರುಗಿಸಿ. ಜೊತೆಗೆ ಬಂದ ರಿಪೋರ್ಟ್ ಹಾಳೆಯನ್ನೂ ಕಳಿಸಿ.

ಚರ್ಮದ ಮೇಲಿನ ಗುಳ್ಳೆ, ಕಜ್ಜಿ ಇದ್ದರೆ ಎರಡು ಫೋಟೊ ಬೇಕು. ಒಂದು ದೂರದಿಂದ, ಅದು ಕೈಯೋ ಕಾಲೋ ತಿಳಿಯುವ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ನಾಣ್ಯ ಇದ್ದರೆ ಗುಳ್ಳೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಬ್ಯೂಟಿ ಮೋಡ್ ಆಫ್ ಮಾಡಿ! ಕೆಲವು ಫೋನುಗಳು ಕೇಳದೆಯೇ ಚರ್ಮ ನುಣುಪು ಮಾಡಿಬಿಡುತ್ತವೆ. ಮುಲಾಮು, ಅರಿಶಿನ ಹಚ್ಚುವ ಮೊದಲೇ ತೆಗೆಯಿರಿ.

ಮಾತ್ರೆಯಾದರೆ ಮಾತ್ರೆಯದ್ದಲ್ಲ, ಪಟ್ಟಿಯ ಹಿಂಬದಿಯ ಫೋಟೊ. ಕಂಪನಿ ಇಟ್ಟ ಹೆಸರಿನ ಜೊತೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂದು ಇರುತ್ತದಲ್ಲ, ಅದು ಕಾಣಬೇಕು. ಬೆಳ್ಳಿ ಹಾಳೆ ಹೊಳೆಯುತ್ತದೆ, ಸ್ವಲ್ಪ ಓರೆ ಹಿಡಿದರೆ ಅಕ್ಷರ ಬರುತ್ತದೆ. ತಿನ್ನುವ ಎಲ್ಲ ಮಾತ್ರೆ ಸಾಲಾಗಿ ಜೋಡಿಸಿ. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲ. ಬೈಯುತ್ತಾರೆ ಅಂತ ಬಚ್ಚಿಡಬೇಡಿ.

ಕೊನೆಗೆ, ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಹಾಗಾಗಿ ಎಚ್‌ಡಿ ಆರಿಸಿ, ಇಲ್ಲಾ ಡಾಕ್ಯುಮೆಂಟ್ ಅಂತ ಸೇರಿಸಿ ಕಳಿಸಿ. ಕಳಿಸುವ ಮುಂಚೆ ಒಮ್ಮೆ ಹಿಗ್ಗಿಸಿ ನೋಡಿ. ನಿಮಗೇ ಓದಲು ಬರದಿದ್ದರೆ ಅವರಿಗೂ ಬರುವುದಿಲ್ಲ.

ಹಂತ 4: ಅಂಕಿ ತೆಗೆಯುವುದು

ಬಿಪಿ ನೋಡುವ ಮೊದಲು ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಐದು ನಿಮಿಷ ಸುಮ್ನೆ ಕೂರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ. ಪಟ್ಟಿ ಸುತ್ತುವುದು ಬರಿ ತೋಳಿಗೆ, ಅಂಗಿ ತೋಳಿನ ಮೇಲಲ್ಲ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಗಾಳಿ ತುಂಬುವಾಗ ಮಾತು ಬೇಡ, ಮಾತಾಡಿದರೆ ಬಿಪಿ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಕಡಿಮೆ ಬಂದದ್ದನ್ನು ಮಾತ್ರ ಬರೆಯುವುದು ಡಾಕ್ಟರಿಗೆ ಮಾಡುವ ಮೋಸವಲ್ಲ, ನಿಮಗೆ ನೀವೇ ಮಾಡಿಕೊಳ್ಳುವುದು. ತೋಳಿಗೆ ಕಟ್ಟುವ ಯಂತ್ರವನ್ನೇ ಕೊಳ್ಳಿ. ಮಣಿಕಟ್ಟಿನದ್ದು ಕೇಳಿದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ, ವ್ಯಾಪಾರ ಹೋದರೆ ಹೋಯಿತು.

ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುವ ಆಪ್‌ಗಳನ್ನಂತೂ ಇವತ್ತೇ ಅಳಿಸಿ. ಅಂಥ ಒಂದು ಆಪ್ ಅಮೆರಿಕದಲ್ಲಿ ಭಾರೀ ಓಡಿತ್ತು. ಸಂಶೋಧಕರು ಪರೀಕ್ಷೆ ಮಾಡಿ ನೋಡಿದರೆ, ಬಿಪಿ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರನ್ನು ಅದು ಚೆನ್ನಾಗಿದ್ದಾರೆ ಎಂದು ತೋರಿಸುತ್ತಿತ್ತು. 2016ರಲ್ಲಿ ಅಲ್ಲಿಯ ಸರ್ಕಾರವೇ ಅದನ್ನು ಮಾರಿದವರ ಮೇಲೆ ಕ್ರಮ ಕೈಗೊಂಡಿತು.

ಶುಗರ್ ನೋಡುವವರು ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಹೆಚ್ಚಿದ ಬೆರಳನ್ನೇ ಚುಚ್ಚಿದರೆ ಯಂತ್ರ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ.

ಹಂತ 5: ಬರೆಯುವುದು

ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಬೇಡ. ಹೀಗೆ ಬರೆಯಿರಿ: "ನಮ್ಮ ತಾಯಿ, 62 ವರ್ಷ, 58 ಕೆಜಿ. 8 ವರ್ಷದಿಂದ ಶುಗರ್, ಮಾತ್ರೆಗಳ ಫೋಟೊ ಕೆಳಗಿದೆ. ಮೂರು ದಿನದಿಂದ ಜ್ವರ, ಸಂಜೆ ಏರುತ್ತದೆ, ನಿನ್ನೆ 101.4 ಇತ್ತು. ಕೆಮ್ಮಿಲ್ಲ. ಉರಿಮೂತ್ರ ಇದೆ. ಸಲ್ಫಾ ಮಾತ್ರೆ ಆಗುವುದಿಲ್ಲ." ಇಷ್ಟೇ. "ಸರ್ ಅರ್ಜೆಂಟ್, ಫೋನ್ ಎತ್ತಿ" ಎಂದು ಆರು ಸಲ ಕಳಿಸಿದರೆ ಇದರಲ್ಲಿ ಒಂದು ಸಂಗತಿಯೂ ಅವರಿಗೆ ತಲುಪುವುದಿಲ್ಲ.

ಹಂತ 6: ಕಾಲ್

ಸಿಗ್ನಲ್ ಇರುವ ಕಡೆ ಕೂರಿ, ಟಿವಿ ಆರಿಸಿ, ಬೆಳಕು ಮುಖದ ಮೇಲೆ ಬೀಳಲಿ. ಕಾಯಿಲೆ ಇದ್ದವರೇ ಮಾತಾಡಲಿ. ಮಗ ಫೋನ್ ಹಿಡಿದು, ಸೊಸೆ ಪಕ್ಕದಲ್ಲಿ ನಿಂತು, ಮೊಮ್ಮಗು ಇಣುಕುತ್ತಿದ್ದರೆ ಯಾವ ಅತ್ತೆ ಉರಿಮೂತ್ರದ ವಿಷಯ ಬಾಯಿಬಿಡುತ್ತಾರೆ? ಆಸ್ಪತ್ರೆಯಲ್ಲಾದರೆ ಡಾಕ್ಟರು "ನೀವು ಸ್ವಲ್ಪ ಹೊರಗಿರಿ" ಎನ್ನುತ್ತಿದ್ದರು. ಮನೆಯಲ್ಲಿ ಅದನ್ನು ನೀವೇ ತಿಳಿದು ಎದ್ದು ಹೋಗಬೇಕು.

ಹಂತ 7: ಚೀಟಿ

ಇದು ನನ್ನ ಕೌಂಟರಿನ ಜಗಳ. "2 ದಿನ ನೋಡಿ, ಆಮೇಲೆ ಆಂಟಿಬಯಾಟಿಕ್ ತಗೊಳ್ಳಿ" ಎಂಬ ಚಾಟ್‌ನ ಸ್ಕ್ರೀನ್‌ಶಾಟ್ ಚೀಟಿಯಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ, ಡಾಕ್ಟರು ಸಹಿ ಹಾಕಿದ ಚೀಟಿಯ ಫೋಟೊವನ್ನೋ ಇ-ಚೀಟಿಯನ್ನೋ ವಾಟ್ಸಾಪಿನಲ್ಲಿ ಕಳಿಸಬಹುದು, ಆದರೆ ಅವರ ನೋಂದಣಿ ಸಂಖ್ಯೆ ಅದರಲ್ಲಿ ಇರಲೇಬೇಕು. ನಿಮ್ಮ ಹೆಸರು, ವಯಸ್ಸು, ತಾರೀಕೂ ಇರಲಿ. ಮಾದಕ ಪಟ್ಟಿಯ ಔಷಧಗಳನ್ನು ಫೋನಿನಲ್ಲಿ ನೋಡಿ ಬರೆಯುವ ಹಾಗೇ ಇಲ್ಲ. "ಡಾಕ್ಟ್ರು ಹೇಳಿದಾರೆ, ನೀವ್ಯಾಕೆ ಕೊಡಲ್ಲ?" ಎಂದು ನನ್ನ ಮೇಲೆ ರೇಗಬೇಡಿ. ಚೀಟಿ ಕೇಳಿ ತರಿಸಿಕೊಳ್ಳಿ, ಅದು ನಿಮ್ಮ ಹಕ್ಕು.

ಆ ಅಜ್ಜಿ ಮರುದಿನ ಮಾತ್ರೆ ಪಟ್ಟಿಯನ್ನೇ ತಂದರು. ಅರ್ಧ ಪಟ್ಟಿ, ಹಿಂದೆ ಒಂದಕ್ಷರ ಹೆಸರಿಲ್ಲ. ಐದು ಮಾತ್ರೆ ಸಾಕು ಎಂದಾಗ ಕತ್ತರಿಯಲ್ಲಿ ಕತ್ತರಿಸಿ, ಹೆಸರಿದ್ದ ಭಾಗವನ್ನು ಡಬ್ಬಿಗೆ ವಾಪಸ್ ಹಾಕಿ, ಉಳಿದದ್ದನ್ನು ಅವರ ಕೈಗೆ ಕೊಟ್ಟಿದ್ದವನು ನಾನೇ. ಹಳೆ ಬಿಲ್ ಹುಡುಕಿ ಹೆಸರು ಬರೆದುಕೊಟ್ಟೆ. ಈಗ ಕತ್ತರಿಸಿ ಕೊಡುವಾಗ ಕವರಿನ ಮೇಲೆ ಪೆನ್ನಿನಲ್ಲಿ ಹೆಸರು, ಮಿಲಿಗ್ರಾಂ ಬರೆಯುತ್ತೇನೆ. ನಿಮ್ಮ ಅಂಗಡಿಯವನು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ.