ತಗಡು ತಿರುಗಬೇಕು: ಕೆರೆಯ ಕುಚ್ಚು ಮೀನಿಗೆ ಸ್ಪಿನ್ನರ್ ಹಾಕುವ ಬಗೆ

ನಮ್ಮೂರು ಮದ್ದೂರಿನ ಹತ್ತಿರ. ಎರೆಹುಳ ಚುಚ್ಚಿ, ಬೆಂಡು ಕಟ್ಟಿ ಗಾಳ ಹಾಕುತ್ತಲೇ ಬೆಳೆದವನು ನಾನು. ಸ್ಪಿನ್ನರ್, ಅಂದರೆ ನೀರಲ್ಲಿ ಎಳೆದಾಗ ತಗಡು ತಿರುಗಿ ಮೀನನ್ನು ಸೆಳೆಯುವ ಲೋಹದ ಗಾಳ, ಕೈಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲ ಎರಡು ತಿಂಗಳು ಒಂದು ಮೀನೂ ಬೀಳಲಿಲ್ಲ. ಆಮೇಲೆ ಗೊತ್ತಾಯಿತು, ನನ್ನ ಸ್ಪಿನ್ನರ್‌ನ ತಗಡು ನೀರಲ್ಲಿ ತಿರುಗುತ್ತಲೇ ಇರಲಿಲ್ಲ. ಸುಮ್ನೆ ಒಂದು ಲೋಹದ ತುಂಡನ್ನು ಎಳೆದುಕೊಂಡು ಬರುತ್ತಿದ್ದೆ. ಹೊಸಬರಿಗೆ ಅಷ್ಟು ದಿನ ಹಾಳಾಗಬಾರದು ಅಂತ ಇದನ್ನೆಲ್ಲಾ ಹೇಳುತ್ತಿದ್ದೇನೆ.

ಯಾವ ಮೀನಿಗೆ ಅನ್ನುವುದು ಮೊದಲು ತಿಳಿದಿರಲಿ. ಕಾಟ್ಲಾ, ರೋಹು ಹಿಡಿಯಬೇಕಾದರೆ ಹಿಟ್ಟಿನ ಉಂಡೆಯೇ ಸರಿ. ಅವು ಇನ್ನೊಂದು ಮೀನನ್ನು ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ. ಸ್ಪಿನ್ನರ್ ಇರುವುದು ಬೇಟೆಯಾಡುವ ಮೀನಿಗೆ. ನಮ್ಮ ಕೆರೆ ಕಟ್ಟೆಗಳಲ್ಲಿ ಅಂದರೆ ಕುಚ್ಚು, ಮುರ್ರೆಲ್ ಅಂತಾರಲ್ಲ, ಅದು. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು. ಜೊಂಡಿನ ಬುಡದಲ್ಲಿ ಅಲುಗಾಡದೆ ನಿಂತು, ಸಣ್ಣ ಮೀನೋ ಕಪ್ಪೆಯೋ ಹತ್ತಿರ ಬಂದರೆ ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಅದು ಗಾಳಿಯನ್ನೂ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಳಕ್ ಅನ್ನಿಸಿ ಹೋಗುತ್ತದೆ. ಕೆರೆ ಏರಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ನೋಡಿದರೆ ಎಲ್ಲೆಲ್ಲಿ ಇದೆ ಅಂತ ಅದೇ ತೋರಿಸುತ್ತದೆ. ಜಿಲೇಬಿ ಮೀನೂ ಒಮ್ಮೊಮ್ಮೆ ಸಣ್ಣ ಸ್ಪಿನ್ನರ್‌ಗೆ ಬಾಯಿ ಹಾಕುತ್ತದೆ. ಅದನ್ನು ನಂಬಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ನಮ್ಮ ಬಹಳ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟು ಸಾಕುತ್ತಿರುವವರನ್ನು ಕೇಳದೆ ಗಾಳ ಇಳಿಸಬೇಡಿ. ಕುಚ್ಚು ಅವರ ಮರಿಗಳನ್ನು ತಿನ್ನುವ ಮೀನು, ಅದಕ್ಕೆ ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಇನ್ನು ಸ್ಪಿನ್ನರ್. ಒಂದು ನೆಟ್ಟಗಿನ ತಂತಿ, ಅದರ ಮೇಲೆ ತಿರುಗುವ ತಗಡು, ಅದರ ಕೆಳಗೆ ಮಣಿ, ಹಿತ್ತಾಳೆ ತೂಕ, ಕೊನೆಗೆ ಮೂರು ಮುಳ್ಳಿನ ಕೊಕ್ಕೆ. ಅಷ್ಟೇ. ಜೀವ ಇರುವುದು ತಗಡಿನಲ್ಲಿ. ಅಗಲವಾಗಿ, ದುಂಡಗೆ ಇರುವ ತಗಡು ನಿಧಾನ ಎಳೆದರೂ ತಿರುಗುತ್ತದೆ, ನೀರನ್ನು ಜೋರಾಗಿ ಅದುರಿಸುತ್ತದೆ. ಇದನ್ನು ಕೊಲರಾಡೋ ಅಂತಾರೆ. ಬಿದಿರೆಲೆಯ ಹಾಗೆ ಉದ್ದ, ಸಪೂರ ಇರುವುದು ವಿಲೋ. ಅದು ತಂತಿಗೆ ಅಂಟಿಕೊಂಡು ಬೇಗ ತಿರುಗುತ್ತದೆ, ಮಿಂಚು ಜಾಸ್ತಿ, ಅದುರು ಕಡಿಮೆ. ನಮ್ಮ ಕೆರೆಯ ನೀರು ವರ್ಷದ ಬಹುಪಾಲು ಕೆಂಪಗೋ ಹಸಿರಗೋ ಇರುತ್ತದಲ್ವಾ? ಅಲ್ಲಿ ಮೀನಿಗೆ ಕಣ್ಣು ಅಷ್ಟಾಗಿ ನಡೆಯುವುದಿಲ್ಲ. ಅದರ ಪಕ್ಕೆಯುದ್ದಕ್ಕೂ ಒಂದು ಗೆರೆ ಇದೆ, ನೀರಿನ ಅದುರು ತಿಳಿಯುವುದು ಅದರಿಂದ. ಹಾಗಾಗಿ ಒಂದೇ ಒಂದು ಕೊಳ್ಳುವುದಾದರೆ ದುಂಡು ತಗಡಿನದ್ದನ್ನೇ ಕೊಳ್ಳಿ.

ಅಂಗಡಿಯಲ್ಲಿ ಕೊಳ್ಳುವ ಮುಂಚೆ ತಂತಿ ಹಿಡಿದು ತಗಡಿಗೆ ಬಾಯಿಂದ ಊದಿ ನೋಡಿ. ಸಲೀಸಾಗಿ ಸುತ್ತಬೇಕು. ತಗಡು ಸಿಕ್ಕಿಸಿರುವ ಪುಟ್ಟ ಕೊಂಡಿ ವಕ್ರವಾಗಿದ್ದರೆ, ತಂತಿ ಬಾಗಿದ್ದರೆ ವಾಪಸ್ ಇಟ್ಟುಬಿಡಿ. ನನ್ನ ಮೊದಲ ಸ್ಪಿನ್ನರ್‌ಗಳು ಒಂದು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ತಂದ ಅಗ್ಗದ ಮಾಲು. ಹನ್ನೆರಡರಲ್ಲಿ ಸರಿಯಾಗಿ ತಿರುಗಿದ್ದು ಮೂರು. ಫ್ರಾನ್ಸ್‌ನ ಮೆಪ್ಸ್ ಕಂಪನಿ 1938ರಿಂದ ಸ್ಪಿನ್ನರ್ ಮಾಡುತ್ತಿದೆ. ಅದರ ಆಗ್ಲಿಯಾ ಮೂರನೇ ನಂಬರು, 6.5 ಗ್ರಾಂ ತೂಗುವುದು, ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಬೇರೆ ಯಾವ ಮಾಲಾದರೂ ಪರವಾಗಿಲ್ಲ, 5ರಿಂದ 9 ಗ್ರಾಂ ಒಳಗೆ ಇರಲಿ.

ಬಣ್ಣದ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಬಿಸಿಲು, ತಿಳಿ ನೀರು ಇದ್ದರೆ ಬೆಳ್ಳಿ. ಮೋಡ, ಕದಡಿದ ನೀರು ಇದ್ದರೆ ಹಿತ್ತಾಳೆ ಅಥವಾ ತಾಮ್ರ. ಮುಸ್ಸಂಜೆಗೆ ಕಪ್ಪು. ನನಗೆ ಇಷ್ಟರಲ್ಲೇ ನಡೆದಿದೆ.

ಆರೂವರೆ ಅಡಿಯ ಮೀಡಿಯಂ ರಾಡ್, 2500 ನಂಬರಿನ ರೀಲ್, 20 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ) ದಾರ ಸಾಕು. ದಾರದ ತುದಿಗೆ ಒಂದು ಬಾಲ್ ಬೇರಿಂಗ್ ಸ್ವಿವೆಲ್ (ತನ್ನಷ್ಟಕ್ಕೆ ಸುತ್ತುವ ಕೊಂಡಿ), ಅಲ್ಲಿಂದ ಒಂದೂವರೆ ಅಡಿ ದಪ್ಪ ತಂಗೂಸಿ, ಅದರ ತುದಿಗೆ ಸ್ಪಿನ್ನರ್. ಸ್ವಿವೆಲ್ ಬಿಟ್ಟರೆ ತಗಡಿನ ಜೊತೆ ದಾರವೂ ಹುರಿಗೊಂಡು, ಅರ್ಧ ಗಂಟೆಯಲ್ಲಿ ರೀಲ್ ತುಂಬಾ ಗಂಟು. ತಂಗೂಸಿ ಬೇಕಾಗಿರುವುದು ಕುಚ್ಚಿನ ಹಲ್ಲಿಗೆ.

ಈಗ ಎಸೆಯುವುದು, ಎಳೆಯುವುದು. ಮೀನು ಇರುವ ಜಾಗದ ತಲೆ ಮೇಲೆ ಎಸೆಯಬೇಡಿ, ಹೆದರಿ ಓಡುತ್ತದೆ. ಅದನ್ನು ದಾಟಿಸಿ ಆರೇಳು ಅಡಿ ಆಚೆ ಹಾಕಿ, ಅದರ ಪಕ್ಕದಲ್ಲಿ ಹಾದು ಬರುವ ಹಾಗೆ ಎಳೆಯಿರಿ. ಸ್ಪಿನ್ನರ್ ನೀರು ಮುಟ್ಟುವ ಹೊತ್ತಿಗೆ ರೀಲ್‌ನ ಬೇಲ್, ಅಂದರೆ ದಾರ ಹೊರಹೋಗದಂತೆ ತಡೆಯುವ ಬಾಗಿದ ತಂತಿ, ಮುಚ್ಚಿರಲಿ, ದಾರ ಸಡಿಲ ಇರಬಾರದು. ಮುಟ್ಟಿದ ಕೂಡಲೇ ರಾಡ್ ತುದಿಯಿಂದ ಒಂದು ಚಿಕ್ಕ ಜಗ್ಗು ಕೊಡಿ. ತಗಡು ಎಚ್ಚರಗೊಳ್ಳುವುದು ಆ ಜಗ್ಗಿಗೆ. ಬಹಳ ಜನ ಇದನ್ನೇ ಬಿಡುತ್ತಾರೆ. ತಗಡು ತಂತಿಗೆ ಅಂಟಿಕೊಂಡೇ ಅರ್ಧ ದೂರ ಬಂದುಬಿಡುತ್ತದೆ.

ಆಮೇಲೆ ನಿಧಾನ. ಎಷ್ಟು ನಿಧಾನ ಅಂದರೆ, ಇನ್ನು ಸ್ವಲ್ಪ ತಡೆದರೆ ತಗಡು ನಿಂತೇ ಹೋಗುತ್ತದೆ ಅನ್ನುವಷ್ಟು. ಇದು ಕಣ್ಣಿಗೆ ಕಾಣುವ ಲೆಕ್ಕವಲ್ಲ, ಕೈಗೆ ತಿಳಿಯಬೇಕು. ಕಳೆದ ವರ್ಷ ನಮ್ಮ ಅಕ್ಕನ ಮಗನಿಗೆ ಕಲಿಸುವಾಗ ತೋಟದ ತೊಟ್ಟಿಯ ಹತ್ತಿರ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಎಳಿ ಅಂದೆ. ಮೂರು ಸಲ ಏನೂ ಗೊತ್ತಾಗಲಿಲ್ಲ. ನಾಲ್ಕನೆಯ ಸಲಕ್ಕೆ ‘ಮಾವ, ಕೋಲೊಳಗೆ ದುಂಬಿ ಸಿಕ್ಕಿಕೊಂಡಂಗೆ ಗುಂಯ್ ಅಂತಿದೆ’ ಅಂದ. ಅದೇ. ಆ ಗುಂಯ್ ಇರುವವರೆಗೂ ಸ್ಪಿನ್ನರ್ ಕೆಲಸ ಮಾಡುತ್ತಿದೆ. ಅದು ನಿಂತರೆ ಎರಡೇ ಕಾರಣ: ಪಾಚಿ ಸಿಕ್ಕಿದೆ, ಇಲ್ಲವೇ ಮೀನು ಬಾಯಿ ಹಾಕಿದೆ. ಯೋಚನೆ ಮಾಡುತ್ತಾ ನಿಲ್ಲಬೇಡಿ. ರಾಡನ್ನು ಪಕ್ಕಕ್ಕೆ ಬಿಗಿಯಾಗಿ ಎಳೆಯಿರಿ.

ಕೊಕ್ಕೆ ಕೂತ ಮೇಲೆ ದಾರ ಸಡಿಲ ಬಿಡಬೇಡಿ, ಕುಚ್ಚು ನೇರ ಜೊಂಡಿನೊಳಗೆ ನುಗ್ಗುತ್ತದೆ. ಮೀನು ಹಿಂದೆ ಬಂದೂ ಬಾಯಿ ಹಾಕದಿದ್ದರೆ ಮಾತ್ರ ಎಳೆತ ಒಂದು ಕ್ಷಣ ಚುರುಕಾಗಲಿ. ಓಡಿಹೋಗುವ ಬೇಟೆಯನ್ನು ಅದು ಬಿಡುವುದಿಲ್ಲ.

ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಒಳ್ಳೆಯ ಹೊತ್ತು. ಜೊಂಡಿನ ಅಂಚು, ತಾವರೆ ಎಲೆಗಳ ಸಂದು, ತೂಬಿನ ಅಕ್ಕಪಕ್ಕ, ಮಳೆ ಬಂದ ಮಾರನೆಯ ದಿನ ಹಳ್ಳದ ನೀರು ಕೆರೆಗೆ ಸೇರುವ ಬಾಯಿ, ಇವು ನಾನು ಮೊದಲು ನೋಡುವ ಜಾಗಗಳು. ಅಂತರಗಂಗೆ ದಟ್ಟವಾಗಿದ್ದರೆ ಮೂರು ಮುಳ್ಳಿನ ಸ್ಪಿನ್ನರ್ ಸಾಗುವುದಿಲ್ಲ. ತಂತಿ ವಿ ಆಕಾರದಲ್ಲಿ ಬಾಗಿರುವ, ಒಂಟಿ ಕೊಕ್ಕೆಯ ಸ್ಪಿನ್ನರ್‌ಬೈಟ್ ಅಲ್ಲಿಗೆ ಬೇಕು. ತಂತಿಯೇ ಮುಂದೆ ಬಂದು ಗಿಡವನ್ನು ಸರಿಸುತ್ತದೆ.

ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಒಮ್ಮೆ ಒದ್ದಾಡುವ ಮೀನಿನ ಬಾಯಿಂದ ಬಿಡಿಸುವಾಗ ನನ್ನ ಹೆಬ್ಬೆರಳಿಗೇ ಹೊಕ್ಕಿತ್ತು. ಹಿಮ್ಮುಳ್ಳು ಇದ್ದದ್ದರಿಂದ ಆಸ್ಪತ್ರೆಗೆ ಹೋಗಿ ಕುಯ್ಯಿಸಿ ತೆಗೆಸಬೇಕಾಯಿತು. ಅಂದಿನಿಂದ ಇಕ್ಕಳ ಇಲ್ಲದೆ ಕೆರೆಗೆ ಹೋಗಿಲ್ಲ. ತುಂಡಾದ ದಾರವನ್ನು ಜೇಬಿಗೆ ಹಾಕಿಕೊಳ್ಳಿ. ನೀರುಕಾಗೆಯ ಕಾಲಿಗೆ ತಂಗೂಸಿ ಸುತ್ತಿಕೊಂಡದ್ದನ್ನು ನೋಡಿದ್ದೇನೆ. ಅದು ರೆಕ್ಕೆ ಬಡಿದಷ್ಟೂ ಬಿಗಿಯುತ್ತಿತ್ತು.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪನೆಯ ಸಣ್ಣ ಮರಿಗಳ ಗುಂಪು ಒಟ್ಟಿಗೆ ಕುದಿಯುವ ಹಾಗೆ ಕಂಡರೆ ಅಲ್ಲಿಗೆ ಸ್ಪಿನ್ನರ್ ಹಾಕಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಮರಿಗಳ ಹತ್ತಿರ ಏನೇ ಬಂದರೂ ಮೇಲೆ ಬೀಳುತ್ತವೆ, ಹಿಡಿಯುವುದು ಸುಲಭ. ಆದರೆ ಅವು ಹೋದ ಗಳಿಗೆಯಲ್ಲೇ ಉಳಿದ ಮೀನುಗಳು ಆ ಗುಂಪನ್ನು ಮುಗಿಸುತ್ತವೆ.

ಮನೆಗೆ ಬಂದ ಮೇಲೆ ಸ್ಪಿನ್ನರ್‌ಗಳನ್ನು ಒದ್ದೆಯಲ್ಲೇ ಡಬ್ಬಿಗೆ ತುಂಬಬೇಡಿ. ಸಿಹಿನೀರಲ್ಲಿ ತೊಳೆದು ಒಣಗಿಸಿ. ಹಿತ್ತಾಳೆ ತಗಡು ಮಂಕಾಗಿದ್ದರೆ ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿ. ಬೆಳ್ಳಿ ಬಣ್ಣದ್ದಕ್ಕೆ ಮಾತ್ರ ಹುಣಸೆ ಬೇಡ, ಲೇಪ ಎದ್ದುಹೋಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಇಟ್ಟರೆ ಸಾಕು.